ಬ್ಲೇಡುಗಳು ಮತ್ತು ನನ್ನ ಷಡ್ಡಕ

ನನ್ನ ಹೆಂಡತಿಯ ತವರಿನವರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಇಂದಿಗೂ ಒಂದು ಕಥೆ ಹೇಳುತ್ತಾರೆ. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಕಣ್ಣು ಮುಚ್ಚಿ ಕೂತಿದ್ದರೂ ಅಲಗು ಸಾಣೆಗೆ ತಾಗಿದ ಸದ್ದು ಕೇಳಿಯೇ ಅದಕ್ಕೆ ಎಷ್ಟು ಹರಿತ ಬೇಕೆಂದು ಹೇಳಿಬಿಡುತ್ತಿದ್ದನಂತೆ. ಹೇಳುವವರಲ್ಲಿ ಮುಕ್ಕಾಲು ಪಾಲು ಜನ ಅವನು ಸಾಣೆ ಹಿಡಿದದ್ದನ್ನು ಕಂಡವರೇ ಅಲ್ಲ. ನಾನು ಕಂಡಿದ್ದೇನೆ. ಒಂದು ಮಾರು ದೂರದಲ್ಲಿ ಕೂತು, ದಿನಗಟ್ಟಲೆ, ಬೇರೆ ಕೆಲಸ ಬಿಟ್ಟು ಕಂಡಿದ್ದೇನೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಟ್ಟೆಕಿಚ್ಚಿನವನ ಸಾಕ್ಷಿ ನಡೆಯುವುದಿಲ್ಲ ಎಂದು ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹೊಟ್ಟೆಕಿಚ್ಚಿನವನಷ್ಟು ಗಮನವಿಟ್ಟು ನೋಡುವ ಕಣ್ಣು ಬೇರೆ ಯಾರಿಗಿರುತ್ತದೆ?

ನಮ್ಮ ಮಾವನವರು ಹೊನ್ನಾಳಿಯಲ್ಲಿ ಕುಲುಮೆ ನಡೆಸುತ್ತಿದ್ದರು. ಗಂಡುಮಕ್ಕಳಿರಲಿಲ್ಲ. ಹಿರಿಯ ಮಗಳನ್ನು ನನಗೆ ಕೊಟ್ಟರು. ನಾನು ಚನ್ನಗಿರಿಯ ಬಸ್ ನಿಲ್ದಾಣದ ಪಕ್ಕದಲ್ಲಿ ಸಾಣೆ ಚಕ್ರ ಇಟ್ಟುಕೊಂಡಿದ್ದೆ. ಕಿರಿಯ ಮಗಳನ್ನು ನ್ಯಾಮತಿಯವನಿಗೆ ಕೊಟ್ಟರು. ಅವನು ಮದುವೆಗೆ ಮುಂಚೆ ಏಳೆಂಟು ವರ್ಷ ಮಾವನವರ ಎದುರಿಗೆ ನಿಂತು ಸುತ್ತಿಗೆ ಹೊಡೆದವನು, ಆಮೇಲೆ ನ್ಯಾಮತಿಯಲ್ಲಿ ತಾನೇ ಒಂದು ಸಾಣೆ ಇಟ್ಟವನು. ಓದುಬರಹ ಬಾರದು. ಮಾತೂ ಕಡಿಮೆ.

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾವನವರು ತಮ್ಮ ದೊಡ್ಡ ಸಾಣೆಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಜಗಳೂರಿಗೆ ಹೋಗುತ್ತಿದ್ದರು. ಕುರಿಗಳ ಉಣ್ಣೆ ಕತ್ತರಿಸುವ ಕಾಲ ಅದು. ಸುತ್ತಮುತ್ತಲ ಹಟ್ಟಿಗಳ ಕುರಿಗಾರರು ತಮ್ಮ ಕತ್ತರಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು, ಮಾವನವರು ಒಂದು ಹುಣಸೆಮರದ ಕೆಳಗೆ ಹದಿನೈದು ದಿನ ಕೂತು ಅವಕ್ಕೆಲ್ಲ ಸಾಣೆ ಹಿಡಿಯುತ್ತಿದ್ದರು. ಮಂಡಿ ನೋವು ಹೆಚ್ಚಾಗಿ ಕಲ್ಲು ತಿರುಗಿಸುವ ಪೆಡಲು ತುಳಿಯುವುದು ಕಷ್ಟವಾದ ಮೇಲೆ, ಆ ಕಲ್ಲಿನ ಹಿಂದೆ ಇನ್ನು ಯಾವ ಅಳಿಯ ಕೂರಬೇಕು ಎಂಬ ಪ್ರಶ್ನೆ ಎದ್ದಿತು. ಸಂಪಾದನೆಯ ದೃಷ್ಟಿಯಿಂದ ನನಗದು ಬೇಕಾಗಿರಲಿಲ್ಲ, ಚನ್ನಗಿರಿಯ ಅಡಿಕೆಯ ಕೆಲಸವೇ ಸಾಕಷ್ಟಿತ್ತು. ಆದರೆ ಜಗಳೂರಿನಲ್ಲಿ ಆ ಕಲ್ಲಿನ ಹಿಂದೆ ಕೂತವನನ್ನು ನಾಲ್ಕು ತಾಲ್ಲೂಕಿನ ಜನ ಮಾವನವರ ಕೈ ಎಂದು ಒಪ್ಪಿಕೊಳ್ಳುತ್ತಿದ್ದರು. ನಾನು ಹಿರಿಯ ಅಳಿಯ. ಮೇಲಾಗಿ ಓದಿ ತಿಳಿದವನು. ಆ ಜಾಗ ನನ್ನದೆಂದು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಓದಿ ತಿಳಿದವನು ಎಂದೆ. ಅದನ್ನು ಸ್ವಲ್ಪ ವಿವರಿಸಬೇಕು. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಮುಂದಿನದೆಲ್ಲ ರದ್ದಿ ಅಂಗಡಿಯ ಹಳೆಯ ಪುಸ್ತಕಗಳ ಕೃಪೆ. ಅದರಲ್ಲೂ ನನ್ನ ಕಸುಬಿನದೇ ಆದ ಬ್ಲೇಡು ಎಂಬ ಮಾತಿನ ಬೆನ್ನು ಹತ್ತಿದ್ದೆ. ಅದು ನಮ್ಮ ಪೇಟೆಗೆ ಬಂದದ್ದು ಗಡ್ಡ ಕೆರೆಯುವ ತೆಳ್ಳನೆಯ ತಗಡಾಗಿ. ಎಪ್ಪತ್ತರ ದಶಕದಲ್ಲಿ ಒಂದೊಂದು ಬ್ಲೇಡೂ ಮೂರು ನಾಲ್ಕು ಜನ್ಮ ಎತ್ತುತ್ತಿತ್ತು. ಗಡ್ಡಕ್ಕೆ ಮೊಂಡಾದ ಮೇಲೆ ಮಕ್ಕಳ ಪೆನ್ಸಿಲಿಗೆ, ಅಲ್ಲಿಂದ ಉಗುರಿಗೆ, ಅಲ್ಲಿಂದ ಹಳೆಯ ರವಿಕೆಯ ಹೊಲಿಗೆ ಬಿಚ್ಚುವುದಕ್ಕೆ, ಕೊನೆಗೆ ತುಕ್ಕು ಹಿಡಿದು ಗೋಡೆಯ ಸಂದಿಗೆ. ಎಂಬತ್ತರ ದಶಕ ಬರುವಷ್ಟರಲ್ಲಿ ಮಾತು ತಗಡನ್ನು ಬಿಟ್ಟು ಊರೆಲ್ಲ ಹಬ್ಬಿತ್ತು. ಮರ ಕೊಯ್ಯುವ ಮಿಲ್ಲಿನವರ ಆಳೆತ್ತರದ ಗರಗಸದ ಪಟ್ಟಿ ಬ್ಲೇಡಾಯಿತು, ಕಬ್ಬಿಣ ಕೊಯ್ಯುವ ಗೇಣುದ್ದದ ಪಟ್ಟಿಯೂ ಬ್ಲೇಡಾಯಿತು. ಕಚೇರಿಯ ಫ್ಯಾನಿನ ರೆಕ್ಕೆ ಬ್ಲೇಡು, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಸರಿಸುವ ಹಲಗೆ ಬ್ಲೇಡು. ಕಾಲೇಜಿಗೆ ಹೋಗುವವರು, ಮಾತಾಡಿ ತಲೆ ತಿನ್ನುವವನಿಗೆ "ಬ್ಲೇಡ್ ಹಾಕಬ್ಯಾಡ್ರೀ" ಎನ್ನತೊಡಗಿದರು. ನನಗೂ ಎರಡು ಸಲ ಅಂದದ್ದುಂಟು.

ನನ್ನ ಚಕ್ರದ ಮುಂದೆ ಬಂದ ಮಾತನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಕನ್ನಡ ನಿಘಂಟು ಸಿಕ್ಕಿದಾಗ ಮೊದಲು ಹುಡುಕಿದ್ದೇ ಆ ಪದವನ್ನು. ಅದರೆದುರು ಹುಲ್ಲಿನ ಎಸಳು ಎಂದಿತ್ತು, ದೋಣಿಯ ಹುಟ್ಟಿನ ಅಗಲವಾದ ತುದಿ ಎಂದಿತ್ತು, ಹೆಗಲ ಹಿಂದಿನ ಮೂಳೆ ಎಂದಿತ್ತು, ಠೀವಿಯ ತರುಣ ಎಂದೂ ಇತ್ತು. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರೊಬ್ಬರು ತರಕಾರಿ ಹೆಚ್ಚುವ ಈಳಿಗೆ ಕೊಟ್ಟು ಕಾಯುತ್ತಿದ್ದಾಗ, ಎಲೆ ಎಂಬ ಅರ್ಥವೇ ಮೊದಲನೆಯದು, ಕತ್ತಿಯ ಅಲಗು ಎಂಬುದು ಆಮೇಲೆ ಹುಟ್ಟಿದ್ದು ಎಂದರು. ನಾನು ನಂಬಲಿಲ್ಲ. ಗಾಳಿಗೆ ಬಾಗುವ ಎಲೆಯಿಂದ ಕಬ್ಬಿಣಕ್ಕೆ ಹೆಸರು ಬರುವುದುಂಟೆ? ಮೇಷ್ಟ್ರು ಹೇಳಿದರು ಎಂಬುದು ನನಗೆ ಯಾವತ್ತೂ ಸಾಕಾದ ಪುರಾವೆಯಲ್ಲ.

ಮಾವನವರ ಮಂಡಿ ಕೈಕೊಟ್ಟ ಆ ವರ್ಷ ಗೌರಿ ಹಬ್ಬಕ್ಕೆ ಇಬ್ಬರು ಅಳಿಯಂದಿರೂ ಹೊನ್ನಾಳಿಗೆ ಹೋಗಿದ್ದೆವು. ಊಟಕ್ಕೆ ಕೂತಾಗ ನಾನು ನೋಟ್‌ಬುಕ್ಕು ತೆಗೆದು, "ಮಾವಾರೆ, ಬ್ಲೇಡು ಅನ್ನೋ ಒಂದು ಮಾತಿಗೆ ಎಷ್ಟು ಅರ್ಥ ಐತೆ ಗೊತ್ತಾ ನಿಮಗೆ?" ಎಂದೆ.

"ನಮ್ಮ ಕುಲುಮೆಯಾಗೆ ಒಂದೇ ಅರ್ಥ ಕಣಪ್ಪ, ಕೊಯ್ಯಬೇಕು," ಎಂದರು ಮಾವನವರು. "ಓದಾದು ಬ್ಯಾರೆ, ಕಲ್ಲು ಹಿಡಿಯಾದು ಬ್ಯಾರೆ. ಹೋಳಿಗೆ ಆರ್ತಾ ಐತೆ, ಉಣ್ಣು."

ಷಡ್ಡಕ ಮುಖ ತಿರುಗಿಸಿ, "ಏನಂದೆ ಅಣ್ಣ? ಇನ್ನೊಂದ್ಸಲ ಹೇಳು," ಎಂದ. ಅವನು ಗೇಲಿ ಮಾಡುತ್ತಿದ್ದಾನೆಂದು ನಾನು ನೋಟ್‌ಬುಕ್ಕು ಮುಚ್ಚಿದೆ. ಅತ್ತೆಯವರು ಅವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು. ನನ್ನ ಎಲೆಯಲ್ಲಿ ಎರಡು ಉಳಿದಿದ್ದವು ಎಂಬುದು ನಿಜ, ಆದರೂ ನನಗದು ಕಂಡಿತು. ರಾತ್ರಿ ನನ್ನವಳು, "ಊರಿನ ಕತ್ತಿಗೆಲ್ಲ ಸಾಣೆ ಹಿಡಿದು ಸಾಲದು ಅಂತ ನಿಮ್ಮ ಹೊಟ್ಟೆಗೂ ಹಿಡಿಯಾಕೆ ಹತ್ತೀರಲ್ಲ," ಎಂದಳು.

ದೀಪಾವಳಿಯ ಹೊತ್ತಿಗೆ ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಕೆಲಸ ಬಿರುಸಾಗುತ್ತದೆ. ಹಸಿ ಅಡಿಕೆ ಕೊಂಡು ಸುಲಿಸಿ ಬೇಯಿಸುವವರೊಬ್ಬರ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಕೂರುತ್ತಿದ್ದರು. ಒಬ್ಬೊಬ್ಬರ ಮುಂದೆಯೂ ಮಣೆಗೆ ಬಡಿದು ನಿಲ್ಲಿಸಿದ ಒಂದು ಬಾಗುಗತ್ತಿ. ಕಾಯನ್ನು ಅದಕ್ಕೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಿಚ್ಚಿಕೊಂಡು ಅಡಿಕೆ ಕೈಗೆ ಬರಬೇಕು. ಆ ಇಪ್ಪತ್ತು ಕತ್ತಿಗಳನ್ನೂ ಮಾವನವರೇ ಮಾಡಿಕೊಟ್ಟಿದ್ದರು. ಆ ವರ್ಷ ಅವರು ನಮ್ಮಿಬ್ಬರನ್ನೂ ಕರೆದುಕೊಂಡು ಬಂದು, ಹತ್ತು ನಿನಗೆ, ಹತ್ತು ಅವನಿಗೆ ಎಂದು ಹಂಚಿ, ಜಗಲಿಯ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತರು. ಪರೀಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಾನು ಜೀವಮಾನದಲ್ಲಿ ಹಿಡಿದ ಅತ್ಯುತ್ತಮ ಸಾಣೆಯನ್ನು ಅಂದು ಹಿಡಿದೆ. ಚಕ್ರದ ಮೇಲೆ ಒಂದು ಸುತ್ತು, ಹೊಳೆಕಲ್ಲಿನ ಮೇಲೆ ನೀರಿನಲ್ಲಿ ಎರಡು ಸುತ್ತು, ಕೊನೆಗೆ ತೊಗಲಿನ ಮೇಲೆ. ಒಂದೊಂದು ಕತ್ತಿಯನ್ನೂ ಮುಂಗೈ ಮೇಲೆ ಆಡಿಸಿದರೆ ಕೂದಲು ಉದುರಬೇಕು, ಹಾಗೆ. ಷಡ್ಡಕ ಏನು ಮಾಡುತ್ತಿದ್ದಾನೆಂದು ಓರೆಗಣ್ಣಿನಿಂದ ನೋಡಿದೆ. ಅವನು ಚಕ್ರ ಮುಟ್ಟಿಯೇ ಇರಲಿಲ್ಲ. ಒಬ್ಬೊಬ್ಬ ಹೆಂಗಸಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಲೆ ಓರೆ ಮಾಡಿ, "ಎಲ್ಲಿ ಹಿಡಿಯುತ್ತೈತವ್ವ? ಒತ್ತಿದ ಕೂಡ್ಲೆ ಇಳಿಯುತ್ತೋ, ತಡೆಯುತ್ತೋ?" ಎಂದು ವಿಚಾರಿಸುತ್ತಿದ್ದ. ಆಮೇಲೆ ಹೋಗಿ ಐದಾರು ಸಲ ಉಜ್ಜಿ ತಂದುಕೊಡುತ್ತಿದ್ದ. ಅವನ ಕತ್ತಿಗಳ ಅಂಚು ಮಂಕಾಗಿ ಕಾಣುತ್ತಿತ್ತು. ಜಗಳೂರು ನನ್ನದಾಯಿತು ಎಂದುಕೊಂಡೆ.

ಹೆಂಗಸರು ಸುಲಿಯಲು ಕೂತರು. ಅರ್ಧ ಗಳಿಗೆ ಆಗಿರಲಿಲ್ಲ, ನನ್ನ ಸಾಲಿನ ಮೊದಲನೆಯವಳು ಕೈ ಝಾಡಿಸಿ ಎದ್ದಳು.

"ಯಾವನಪ್ಪ ಇದಕ್ಕೆ ಸಾಣೆ ಹಿಡಿದೋನು? ಅಡಿಕೆ ಸುಲಿಯಾಕೆ ಕೊಟ್ಟಾನೋ, ನಮ್ಮ ಬೆರಳು ಸುಲಿಯಾಕೆ ಕೊಟ್ಟಾನೋ?"

"ಚಲೋ ಆತು ಬಿಡೇ, ಉಗುರು ತೆಗೆಯೋ ಕೆಲಸ ತಪ್ತು," ಎಂದಳು ಪಕ್ಕದವಳು. ನಗು ಎದ್ದಿತು. ಮನೆಯ ಯಜಮಾನರು ಬಂದು ಬುಟ್ಟಿಯಿಂದ ಒಂದು ಹಿಡಿ ಅಡಿಕೆ ತೆಗೆದು ನೋಡಿದರು. ಒಂದೊಂದರ ಮೇಲೂ ಗೀರು. ನನ್ನ ಅಂಚು ಸಿಪ್ಪೆಯಲ್ಲಿ ನಿಲ್ಲದೆ ನೇರವಾಗಿ ಒಳಗಿನ ಅಡಿಕೆಗೆ ಇಳಿದಿತ್ತು. ಗಾಯವಾದ ಅಡಿಕೆ ಬೇಯಿಸುವಾಗ ಒಡೆಯುತ್ತದೆ. ಸುಲಿಯುವ ಕತ್ತಿಗೆ ಸಿಪ್ಪೆ ಕಚ್ಚುವಷ್ಟು ಹರಿತ ಬೇಕು, ಅಡಿಕೆ ಕಚ್ಚುವಷ್ಟು ಕೂಡದು. ಚನ್ನಗಿರಿಯಲ್ಲೇ ಇದ್ದ ನನಗೆ ಅದು ತಿಳಿಯದ ಸಂಗತಿಯಲ್ಲ. ಹತ್ತು ವರ್ಷದಿಂದ ಹಾಗೆಯೇ ಹಿಡಿಯುತ್ತಿದ್ದೆ. ಅಂದು ಮಾತ್ರ ನಾನು ಹೆಂಗಸರಿಗಾಗಿ ಹಿಡಿಯಲಿಲ್ಲ, ಜಗಲಿಯ ಮೇಲೆ ಕೂತವರಿಗಾಗಿ ಹಿಡಿದಿದ್ದೆ.

ಷಡ್ಡಕ ಎದ್ದು ಬಂದ. ನನ್ನ ಹತ್ತು ಕತ್ತಿಗಳನ್ನೂ ಒಂದೊಂದಾಗಿ ಇಟ್ಟಿಗೆ ಚೂರಿನ ಮೇಲೆ ಒಂದು ಸಲ ಮೆಲ್ಲಗೆ ಎಳೆದು ಅಂಚು ತೆಗೆದ. ಯಜಮಾನರ ಕಡೆ ತಿರುಗಿ, "ಅಣ್ಣನ ಕಲ್ಲು ಹೊಸದೈತ್ರಿ, ಹಂಗಾಗಿ ಜಾಸ್ತಿ ಹಿಡೀತು," ಎಂದ. ನನ್ನ ಕಲ್ಲಿಗೆ ಆರು ವರ್ಷವಾಗಿತ್ತು. ಅವನಿಗದು ಗೊತ್ತಿತ್ತು. ಬೈದಿದ್ದರೆ ನಾನು ಮರೆಯುತ್ತಿದ್ದೆ; ಕಾಪಾಡಿದನಲ್ಲ, ಅದನ್ನು ಈವತ್ತಿಗೂ ಮರೆಯಲಾಗಿಲ್ಲ. ಹಿಂದಿನ ಸಾಲಿನ ಒಬ್ಬ ಮುದುಕಿ, "ಹೆಂಗೆ ತಲೆ ವಾಲಿಸ್ಕಂಡು ಕೂತಿದ್ದ ನೋಡ್ರೇ, ಕತ್ತಿನೇ ಅವನ ಕಿವಿಯಾಗೆ ಗುಟ್ಟು ಹೇಳ್ದಂಗೆ," ಎಂದಳು. ಆ ಕಥೆಯ ಬೀಜ ಬಿದ್ದದ್ದು ಅಲ್ಲಿ. ಅವಳದು ತಮಾಷೆಯಾಗಿತ್ತು ಎಂಬುದಕ್ಕೆ ನಾನು ಸಾಕ್ಷಿ.

ಮಾವನವರು ಹಿಂದಿರುಗುವಾಗ ಬಸ್ಸು ಹತ್ತುವ ಮುನ್ನ ಇಷ್ಟೇ ಹೇಳಿದರು: "ಈ ಸಲ ಜಗಳೂರಿಗೆ ಅವನು ಹೋಗ್ಲಿ. ಒಂದ್ಸಲ ನೋಡಾಣ."

"ದಾರಿ, ಜನ, ಎರಡೂ ಅವನಿಗೆ ಹೊಸದು. ನಾನೂ ಜೊತೆಗಿರ್ತೀನಿ," ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಆಗಲಿ ಎಂದರು. ದೊಡ್ಡವನ ಜವಾಬ್ದಾರಿ ಎಂದು ಅವರು ತಿಳಿದರೋ ಏನೋ. ಅವನು ತಪ್ಪುವುದನ್ನು ಕಣ್ಣಾರೆ ಕಾಣುವುದು ನನ್ನ ಉದ್ದೇಶವಾಗಿತ್ತು.

ಜಗಳೂರಿನ ಹುಣಸೆಮರದ ಕೆಳಗೆ ಅವನು ಒಂದು ವಾರ ತಪ್ಪಲಿಲ್ಲ. ಕುರಿಯ ಕತ್ತರಿಗೆ ಎರಡು ಅಲಗು. ಹೊರಗಿನ ಇಳಿಜಾರಿಗೆ ಮಾತ್ರ ಸಾಣೆ ಹಿಡಿಯಬೇಕು, ಒಳಮುಖ ಮುಟ್ಟಿದರೆ ಎರಡೂ ಕೂಡುವುದಿಲ್ಲ, ಉಣ್ಣೆ ನಡುವೆ ಮಡಚಿಕೊಳ್ಳುತ್ತದೆ. ಅಷ್ಟು ನನಗೂ ಗೊತ್ತು. ಅವನು ಅದರ ಜೊತೆಗೆ ಪ್ರತಿಯೊಬ್ಬ ಕುರಿಗಾರನನ್ನೂ ಹತ್ತಿರ ಕೂರಿಸಿಕೊಂಡು ಮರಿಗಳೆಷ್ಟು, ಉಣ್ಣೆ ತೊಳೆದಿದ್ದಾರೋ ಇಲ್ಲವೋ, ಕೈ ಎಲ್ಲಿ ನೋಯುತ್ತದೆ ಎಂದು ವಿಚಾರಿಸುತ್ತಿದ್ದ. ತಲೆ ಅದೇ ರೀತಿ ಓರೆ. ಕುರಿಗಾರರು ಮದುವೆ ಮಾತುಕತೆಗೆ ಬಂದವರ ಹಾಗೆ ಮನೆಯ ಸಂಗತಿಯನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ನನ್ನ ಹತ್ತಿರ ಯಾರೂ ಹಾಗೆ ಕೂತಿರಲಿಲ್ಲ. ನಾನು ಕೂರಿಸಿಕೊಂಡಿರಲೂ ಇಲ್ಲ.

ಎಂಟನೆಯ ದಿನ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಪಕ್ಕದ ಹೊಲದ ಬದುವಿಗೆ ಹೋದಾಗ ಒಂದು ಹಸಿ ಜೋಳದ ಗರಿ ನನ್ನ ಅಂಗೈಯನ್ನು ಉದ್ದಕ್ಕೆ ಗೀರಿತ್ತು, ರಕ್ತ ಬಂದಿತ್ತು. ಮೇಷ್ಟ್ರ ಮಾತಿನಲ್ಲಿ ಹುರುಳಿರಬಹುದೇನೋ ಎಂದು ಮೊದಲ ಬಾರಿಗೆ ಅನ್ನಿಸಿ, ಬರೆದಿಡಲೆಂದು ನೋಟ್‌ಬುಕ್ಕು ತೆಗೆದೆ. ಷಡ್ಡಕ ಕಲ್ಲಿಗೆ ನೀರು ಹಾಕುತ್ತಿದ್ದವನು, "ಅವತ್ತು ಮಾವಾರ ಮನೆಯಾಗೆ ಹೇಳ್ತಿದ್ಯಲ್ಲಣ್ಣ, ಓದು ಕೇಳಾಣ," ಎಂದ.

ಅವನ ಬಲಗಡೆ ಕೂತು ಓದಿದೆ. ಹುಲ್ಲಿನ ಎಸಳು ಬಂದಾಗ ಅವನು ಬಿದ್ದು ಬಿದ್ದು ನಕ್ಕ. "ಹುಲ್ಲಿಗೂ ಬ್ಲೇಡು ಅಂತಾರಾ? ಅದಕ್ಕೆ ಸಾಣೆ ಹಿಡಿಯೋನು ಯಾರಂತೆ, ಹಸುನಾ?" ನಾನೂ ನಕ್ಕೆ. ಅಷ್ಟರಲ್ಲಿ ಬಿಸಿಲು ನನ್ನ ಮೇಲೆ ಬಿತ್ತು. ಎದ್ದು ಅವನ ಎಡಗಡೆಯ ನೆರಳಿಗೆ ಹೋಗಿ ಕೂತು, ಓದು ಮುಂದುವರಿಸಿದೆ. ದೋಣಿಯ ಹುಟ್ಟು. ಅವನು ಮಾತಾಡಲಿಲ್ಲ. ಹೆಗಲ ಮೂಳೆ. ಮಾತಿಲ್ಲ. ಠೀವಿಯ ತರುಣ ಎಂದಾಗಲಾದರೂ ನಗಬೇಕಿತ್ತು, ಕಲ್ಲನ್ನೇ ಒರೆಸುತ್ತಿದ್ದ. ನನಗೆ ಮೈ ಉರಿಯಿತು, ಓದು ಎಂದವನು ಇವನೇ ಅಲ್ಲವೆ? "ಏಯ್ ತಮ್ಮ," ಎಂದೆ. ಇಲ್ಲ. ಆಮೇಲೆ ನನಗೆ ಏನೋ ಹೊಳೆಯಿತು. ಎರಡು ಕತ್ತರಿಗಳನ್ನು ಎತ್ತಿ ಅವನ ಎಡಗಿವಿಯ ಹಿಂದೆ ಒಂದಕ್ಕೊಂದು ಮೆಲ್ಲಗೆ ತಟ್ಟಿದೆ. ಕಬ್ಬಿಣದ ಸದ್ದು ಚೆನ್ನಾಗಿಯೇ ಎದ್ದಿತು. ಅವನ ರೆಪ್ಪೆ ಸಹ ಅಲುಗಲಿಲ್ಲ.

ನಾನು ಎದುರಿಗೆ ಬಂದು ಕೂತೆ. "ನಿನಗೆ ಎಡಗಿವಿ ಕೇಳಾಕಿಲ್ಲ."

ಅವನು ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. "ಕುಲುಮೆಯಾಗೆ ಇದ್ದಾಗಲೇ ಹೋತಣ್ಣ. ಬಲಗಿವಿ ಒಂದಿಷ್ಟು ಐತೆ. ಅದಕ್ಕೇ ಎಲ್ಲಾರನ್ನೂ ಹತ್ರ ಕೂರಿಸ್ಕಂತೀನಿ." ನನ್ನ ಕೈಯಲ್ಲಿದ್ದ ಕತ್ತರಿಗಳನ್ನು ತೆಗೆದುಕೊಂಡು ಹೇಳಿದ: "ಮಾವಾರಿಗೆ ಹೇಳಬ್ಯಾಡ. ನೊಂದ್ಕಂತಾರೆ."

ನೊಂದುಕೊಳ್ಳುತ್ತಾರಂತೆ! ಜಗಳೂರು ಕೈತಪ್ಪುತ್ತದೆ ಎಂದು ಹೆದರಿ ಹೀಗೆ ಸುತ್ತಿ ಬಳಸಿ ಹೇಳುತ್ತಿದ್ದಾನೆ ಎಂದು ನಾನು ತಿಳಿದೆ. ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಉಳಿದ ದಿನಗಳಲ್ಲಿ ನಾನು ಅವನೊಂದಿಗೆ ಬಹಳ ಸೌಜನ್ಯದಿಂದ ಇದ್ದೆ. ಸಾಬೀತಾದ ಸತ್ಯವೊಂದು ಕಿಸೆಯಲ್ಲಿರುವಾಗ ಸೌಜನ್ಯ ಸುಲಭ.

ಹೊನ್ನಾಳಿಗೆ ಹಿಂದಿರುಗಿದ ಮರುದಿನ ಬೆಳಿಗ್ಗೆ ಷಡ್ಡಕ ನ್ಯಾಮತಿಗೆ ಹೋದ. ನಾನು ಕುಲುಮೆಗೆ ಹೋದೆ. ಮಾವನವರು ಇದ್ದಿಲು ಆರಿಸುತ್ತಿದ್ದರು.

"ಮಾವಾರೆ, ಒಂದು ಮಾತು. ಸದ್ದು ಕೇಳದೋರು ಸಾಣೆ ಹಿಡಿದ್ರೆ ನಾಳೆ ಒಂದಿನ ನಿಮ್ಮ ಹೆಸರಿಗೇ ಬರ್ತೈತೆ. ಅವನಿಗೆ ಒಂದು ಕಿವಿ ಪೂರ್ತಿ ಇಲ್ಲ."

"ಯಾವ ಕಿವಿ?"

ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ಎಡಗಿವಿ," ಎಂದೆ.

ಮಾವನವರು ಎದ್ದರು. ಮಂಡಿಯ ನೋವಿನಲ್ಲಿ ಗೋಡೆ ಹಿಡಿದುಕೊಂಡು ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಹತ್ತಿರ ಬಂದು, ತಾವು ಸುತ್ತಿಗೆ ಹಿಡಿದು ನಿಲ್ಲುವ ಜಾಗದಲ್ಲಿ ನಿಂತರು. ಎದುರಿಗೆ ಅವನು ಏಳೆಂಟು ವರ್ಷ ನಿಂತಿದ್ದ ಜಾಗವನ್ನು ನೋಡಿದರು. ಅಲ್ಲಿ ಓರೆಯಾಗಿ ನಿಂತು ಹೊಡೆಯುವವನ ಎಡಗಿವಿ ಎತ್ತ ಇರುತ್ತಿತ್ತೆಂದು ಕೈಯಿಂದ ಗಾಳಿಯಲ್ಲಿ ಅಳೆದರು.

"ನನ್ನ ಸುತ್ತಿಗೆ ಕಡೀದು," ಎಂದರು.

ಅಂದು ಕುಲುಮೆಗೆ ಬೆಂಕಿ ಹಾಕಲಿಲ್ಲ. ಅತ್ತೆಯವರು ಊಟಕ್ಕೆ ಎರಡು ಸಲ ಕರೆದರೂ ಬರಲಿಲ್ಲ. ಏನು ಹೇಳಿದಿರಿ ಅವರಿಗೆ ಎಂದು ಅತ್ತೆಯವರು ನನ್ನನ್ನು ಕೇಳಿದರು. ಇದ್ದದ್ದನ್ನು ಹೇಳಿದೆ ಎಂದೆ. ಅದು ಸುಳ್ಳಲ್ಲ.

ಆ ತಿಂಗಳು ಕಳೆಯುವುದರೊಳಗೆ ದೊಡ್ಡ ಸಾಣೆಕಲ್ಲು ನ್ಯಾಮತಿಗೆ ಹೋಯಿತು, ಎರವಲಾಗಿ ಅಲ್ಲ, ಶಾಶ್ವತವಾಗಿ. ಬರುವ ಗಿರಾಕಿಗಳಿಗೆ, ಕುರಿಗಾರರಿಗೆ, ನೆಂಟರಿಗೆ, ನಮ್ಮ ಕಿರಿಯ ಅಳಿಯ ಕಣ್ಣು ಮುಚ್ಚಿ ಸದ್ದು ಕೇಳಿಯೇ ಹರಿತ ಹೇಳುತ್ತಾನೆ ಎಂದು ಮಾವನವರೇ ಹೇಳತೊಡಗಿದರು. ಮೊದಲ ಸಲ ಆ ಮಾತು ಕಿವಿಗೆ ಬಿದ್ದಾಗ ನಾನು ಅವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು, ಮಾತನ್ನು ಮಾತ್ರ ನಿಲ್ಲಿಸಲಿಲ್ಲ. ಮುದುಕಿಯ ತಮಾಷೆಯನ್ನು ಊರು ನಂಬುವ ಕಥೆಯಾಗಿ ಮಾಡಿದವರು ಅವರು; ಕಿವಿಯ ಸುದ್ದಿ ಮುಟ್ಟಿಸಿ ಹಾಗೆ ಮಾಡಿಸಿದವನು ನಾನು. ಕಲ್ಲು ಅವನಿಗೆ ಹೋದದ್ದು ಕೈಯ ಗುಣಕ್ಕೋ, ಕಿವಿಯ ಋಣಕ್ಕೋ ಎಂದು ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ. ಋಣಕ್ಕೆ ಎಂದು ತೀರ್ಮಾನವಾದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಆದರೆ ಚನ್ನಗಿರಿಯ ಆ ಅಂಗಳದಲ್ಲಿ ಅವನು ಒಬ್ಬೊಬ್ಬ ಹೆಂಗಸಿನ ಪಕ್ಕ ಕೂತು ವಿಚಾರಿಸಿದ್ದನ್ನು ಕಂಡವನೂ ನಾನೇ ಆದ್ದರಿಂದ ಹಾಗೆಂದು ಬರೆಯಲು ಕೈ ಬರುವುದಿಲ್ಲ.

ಮರುವರ್ಷ ಸಂಕ್ರಾಂತಿಗೆ ಹೊನ್ನಾಳಿಯಲ್ಲಿ ಎಲ್ಲರೂ ಸೇರಿದ್ದೆವು. ಮಾರನೆಯ ಬೆಳಿಗ್ಗೆ ಷಡ್ಡಕ ನ್ಯಾಮತಿಯಿಂದ ತಂದಿದ್ದ ಕಲ್ಲನ್ನು ಜಗಳೂರಿನ ಬಸ್ಸಿನ ಮೇಲೆ ಕಟ್ಟಿಸಿ, ಕೆಳಗಿಳಿದು ನನ್ನ ಹತ್ತಿರ ಬಂದ. ನಾನು ಮಾವನವರಿಗೆ ಹೇಳಿದ್ದು ಅವನಿಗೆ ತಿಳಿದಿತ್ತು.

"ಎರಡು ಕಲ್ಲಿಗಾಗೋಷ್ಟು ಕೆಲಸ ಐತಣ್ಣ ಅಲ್ಲಿ. ಬಾ ಹೋಗಾಣ. ನಿನಗೂ ಸೀಟು ಹಿಡಿದೀನಿ."

"ನನ್ನ ಚಕ್ರದ ಅಚ್ಚು ಮುರಿದೈತೆ," ಎಂದೆ. ಮುರಿದಿರಲಿಲ್ಲ.

ಅವನು ಬಸ್ಸು ಹತ್ತಿ, ನನ್ನ ಕಡೆಯ ಕಿಟಕಿಯ ಪಕ್ಕ ಕೂತ. ಡ್ರೈವರ್ ಬರುವುದಕ್ಕೆ ಇನ್ನೂ ಹೊತ್ತಿತ್ತು. ನಾನು ಅಲ್ಲಿಯೇ ನಿಂತಿದ್ದೆ, ಹೋಗಿಬಿಡಬಹುದಿತ್ತು. ಇಂಜಿನ್ನು ಶುರುವಾದಾಗ ಅವನು ಸೀಟಿನಲ್ಲಿ ಪೂರ್ತಿ ತಿರುಗಿ, ಬಲಗಿವಿಯನ್ನು ಕಿಟಕಿಯ ಸರಳಿಗೆ ಒತ್ತಿಕೊಂಡು, ನಾನು ಏನಾದರೂ ಹೇಳುತ್ತೇನೇನೋ ಎಂದು ಕಾದ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಹಾಗೆಯೇ ಕೂತಿದ್ದ. ನಾನು ಏನೂ ಹೇಳಲಿಲ್ಲ.